ಹೂಮಳೆ ಬಂದ ಮರುದಿನ

ಮಾರ್ಚಿ ತಿಂಗಳೆಂಬುದು ಮಲೆನಾಡಿನ ಕಾಫಿ ತೋಟಗಳಿಗೆ ಒಂದು ವಿಚಿತ್ರವಾದ ಸಂಧಿಕಾಲ. ಹಿಂದಿನ ವರ್ಷದ ಬೆಳೆ ಇನ್ನೂ ಪೂರ್ತಿಯಾಗಿ ಮನೆ ಸೇರಿರುವುದಿಲ್ಲ. ರೋಬಸ್ಟಾ ಹಣ್ಣು ಕಣದಲ್ಲಿ ಒಣಗುತ್ತಿರುತ್ತದೆ, ಅದರ ಪಕ್ಕದಲ್ಲಿಯೇ ಕರಿಮೆಣಸನ್ನೂ ಹರಡಿರುತ್ತಾರೆ. ಮುಂದಿನ ವರ್ಷದ ಬೆಳೆಯಾದರೋ ಆಗಲೇ ಗಿಡದ ರೆಂಬೆಗಳ ಮೇಲೆ ಸಣ್ಣ ಹಸಿರು ಮೊಗ್ಗುಗಳ ರೂಪದಲ್ಲಿ ನೀರಿಗಾಗಿ ಕಾದು ಕುಳಿತಿರುತ್ತದೆ. ಇಂತಹ ವೇಳೆಯಲ್ಲಿ ಒಂದು ಸಂಜೆ ಆಕಾಶ ಕಪ್ಪಿಟ್ಟು, ಗುಡುಗು ಸಿಡಿಲುಗಳೊಡನೆ ಎರಡು ಇಂಚು ಮಳೆ ಸುರಿದುಹೋಯಿತೆನ್ನೋಣ. ಮೊಗ್ಗಿಗೆ ಅದರಿಂದ ಜೀವ ಬಂದಿತು. ಕಣದಲ್ಲಿದ್ದ ಕಾಫಿಗೆ ಅದರಿಂದಲೇ ಬೂಷ್ಟು ಹಿಡಿಯುವ ಭಯ ಬಂದಿತು. ಮರುದಿನ ಬೆಳಗ್ಗೆ ಬೆಳೆಗಾರನ ಮುಂದೆ ನಿಲ್ಲುವ ಪ್ರಶ್ನೆ ಒಂದೇ: ಇನ್ನು ಮೂರು ದಿನ ಹವೆ ಹೇಗಿದ್ದೀತು?

ಈ ಪ್ರಶ್ನೆಗೆ ಹವಾಮಾನ ಶಾಸ್ತ್ರ ಕೊಡುವ ಉತ್ತರಕ್ಕೆ ಅಲ್ಪಾವಧಿ ಮುನ್ಸೂಚನೆ ಎಂದು ಹೆಸರು. 72 ಗಂಟೆಗಳು ಅದರ ಮೇರೆ. ಅದು ಒಂದು ಊರಿಗೆ, ಒಂದು ತೋಟಕ್ಕೆ ಹೇಳಿದ ಮಾತಲ್ಲ. ಒಂದು ಪ್ರದೇಶಕ್ಕೆ ಹೇಳಿದ ಮಾತು. ಈ ಭೇದವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳದೆ ಇರುವುದರಿಂದಲೇ ಹವಾಮಾನ ಇಲಾಖೆಯವರು ಅರ್ಧಕ್ಕರ್ಧ ಬೈಗುಳಗಳಿಗೆ ಗುರಿಯಾಗುವುದು.

ಮೊದಲು ಮೊಗ್ಗಿನ ವಿಷಯ. ಕಾಫಿಯ ಹೂಮೊಗ್ಗು ಕೆಲವು ಮಿಲಿಮೀಟರ್ ಬೆಳೆದು, ಬೇಸಗೆಯ ಒಣಹವೆಯಲ್ಲಿ ನಿದ್ರೆಗೆ ಸಲ್ಲುತ್ತದೆ. ನೀರು ಸಿಕ್ಕಿದರೆ ಸಾಕು, ಅದು ಎಚ್ಚರಗೊಳ್ಳುವುದೆಂದು ಹಿಂದೆ ತಿಳಿದಿದ್ದರು. ಆದರೆ ಸಂಗತಿ ಅಷ್ಟು ಸುಲಭವಲ್ಲ. ಪಾಲೋ ಅಲ್ವಿಮ್ ಎಂಬ ಬ್ರೆಜಿಲಿನ ಸಸ್ಯವಿಜ್ಞಾನಿ 1960ರಲ್ಲಿ ಪ್ರಕಟಿಸಿದ ಸಂಶೋಧನೆಯಿಂದ, ನಿದ್ರೆ ಹರಿಯಬೇಕಾದರೆ ಗಿಡ ಮೊದಲು ಕೆಲವು ಕಾಲ ನೀರಿನ ಕೊರತೆಯನ್ನು ಅನುಭವಿಸಿರಲೇಬೇಕೆಂದು ತಿಳಿದುಬಂದಿತು. ನಿತ್ಯವೂ ನೀರುಂಡ ಗಿಡದಲ್ಲಿ ಮೊಗ್ಗು ಮಲಗಿಯೇ ಇರುತ್ತದೆ. ಬಾಯಾರಿದ ಗಿಡಕ್ಕೆ ಒಮ್ಮೆಲೇ ನೀರು ದೊರೆತಾಗ ಅರಳುತ್ತದೆ. ನಮ್ಮ ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲಿ ಈ ಕೆಲಸವನ್ನು ಮಾಡುವ ಮಳೆಗೆ ಹೂಮಳೆ ಎನ್ನುತ್ತಾರೆ. ಒಂದರಿಂದ ಒಂದೂವರೆ ಇಂಚು ಬಂದರೆ ಸಾಕು; ಏಳರಿಂದ ಹತ್ತು ದಿನಗಳೊಳಗೆ ತೋಟವೆಲ್ಲ ಬೆಳ್ಳಗಾಗಿ ಮಲ್ಲಿಗೆಯಂತಹ ಪರಿಮಳ ಹೊಮ್ಮುತ್ತದೆ. ಭಾರತದ ಕಾಫಿಯಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಪಾಲು ಕರ್ನಾಟಕದ್ದಾದುದರಿಂದ, ಈ ಒಂದು ಮಳೆಯ ಮೇಲೆ ನಿಂತಿರುವ ಬದುಕುಗಳು ಎಷ್ಟೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು. ಹೊತ್ತಲ್ಲದ ಹೊತ್ತಿನಲ್ಲಿ ಬಂದರೆ ಅದೇ ಮಳೆ ಕಾಡುತ್ತದೆ. 2021ರ ಜನವರಿಯ ಮೊದಲ ವಾರದಲ್ಲಿ, ಕೊಯ್ಲು ನಡೆಯುತ್ತಿದ್ದಾಗಲೇ ಮಳೆ ಸುರಿದು, ಹಣ್ಣು ಉದುರಿ, ಕಣದ ಕಾಫಿ ನೆನೆದು, ಅಕಾಲದಲ್ಲಿ ಮೊಗ್ಗು ಅರಳಿ ಬೆಳೆಗಾರರು ಕಷ್ಟಕ್ಕೆ ಸಿಕ್ಕಿದ್ದರು.

ಇನ್ನು, ಹೂಮಳೆ ಎಲ್ಲರ ತೋಟಕ್ಕೂ ಸಮನಾಗಿ ಬರುವುದಿಲ್ಲ. ತೋಟಗಾರರು ಮಳೆಯ ಲೆಕ್ಕವನ್ನು ಇಂದಿಗೂ ಇಂಚು ಸೆಂಟುಗಳಲ್ಲಿಯೇ ಹಾಕುತ್ತಾರೆ. ನೂರು ಸೆಂಟಿಗೆ ಒಂದು ಇಂಚು, ಎಂದರೆ 25.4 ಮಿಲಿಮೀಟರ್. ಒಬ್ಬನ ತೋಟಕ್ಕೆ ಇನ್ನೂರು ಸೆಂಟು ಬಿದ್ದ ಸಂಜೆಯೇ ಹಳ್ಳದಾಚೆಯ ನೆರೆಯವನಿಗೆ ಮೂವತ್ತು ಸೆಂಟು ಮಾತ್ರ ಸಿಕ್ಕಿರಬಹುದು. ಅವನ ಪಾಡು ಮಳೆಯೇ ಬಾರದವನ ಪಾಡಿಗಿಂತ ಕಷ್ಟ. ಏತಕ್ಕೆಂದರೆ, ಮೊಗ್ಗು ಎಚ್ಚರಗೊಂಡಿದೆ, ಆದರೆ ಪೂರ್ಣವಾಗಿ ಅರಳಲು ಸಾಲುವಷ್ಟು ನೀರಿಲ್ಲ. ಉಳಿದ ನೀರನ್ನು ಕೆಲವೇ ದಿನಗಳೊಳಗೆ ಸ್ಪ್ರಿಂಕ್ಲರ್ ಹಚ್ಚಿ ಒದಗಿಸಬೇಕು. ಒಂದು ಎಕರೆಗೆ ಒಂದು ಇಂಚು ನೀರೆಂದರೆ ಒಂದು ಲಕ್ಷ ಲೀಟರಿಗೂ ಮಿಗಿಲು! ಹಳ್ಳ ಕೆರೆಗಳು ಬತ್ತುತ್ತಿರುವ ಮಾರ್ಚಿಯಲ್ಲಿ ಅಷ್ಟು ನೀರನ್ನು ಎತ್ತುವುದೆ, ಅಥವಾ ನಾಳೆ ಮತ್ತೊಂದು ಮಳೆ ಬಂದೀತೆಂದು ಕಾಯುವುದೆ?

ಈಗ ಆಕಾಶದ ಕಡೆಗೆ ತಿರುಗೋಣ. ಮುಂಗಾರಿಗೆ ಮುಂಚಿನ ಈ ಅಡ್ಡಮಳೆಗಳು ಹುಟ್ಟಬೇಕಾದರೆ ಮೂರು ಸಾಮಗ್ರಿಗಳು ಕೂಡಬೇಕು: ಕೆಳಗಿನ ವಾಯುವಿನಲ್ಲಿ ತೇವ; ಮೇಲೇರಿದ ಗಾಳಿ ಇನ್ನೂ ಮೇಲೇರುವಂತೆ ಎತ್ತರದಲ್ಲಿ ತಂಪು; ಮತ್ತು ಅದನ್ನು ಮೊದಲು ಎತ್ತಿಕೊಡುವ ಒಂದು ನೂಕು. ಮಾರ್ಚಿಯಿಂದಾಚೆಗೆ ಮಹಾರಾಷ್ಟ್ರದ ಕಡೆಯಿಂದ ಕರ್ನಾಟಕದ ಒಳನಾಡನ್ನು ಹಾಯ್ದು ದಕ್ಷಿಣಕ್ಕೆ ಇಳಿಯುವ ಒಂದು ಗೆರೆಯನ್ನು ಹವಾ ನಕ್ಷೆಗಳಲ್ಲಿ ಆಗಾಗ್ಗೆ ಕಾಣಬಹುದು. ಅದರ ಒಂದು ಮಗ್ಗುಲಲ್ಲಿ ಬಂಗಾಳ ಕೊಲ್ಲಿಯ ಕಡೆಯಿಂದ ತೇವ ಹೊತ್ತ ಗಾಳಿ, ಇನ್ನೊಂದು ಮಗ್ಗುಲಲ್ಲಿ ವಾಯವ್ಯದ ಒಣಗಾಳಿ. ಮಧ್ಯಾಹ್ನ ಅರಬ್ಬಿ ಸಮುದ್ರದ ಗಾಳಿ ಘಟ್ಟವನ್ನೇರಿ ಬಂದು ಪೂರ್ವದ ಗಾಳಿಯನ್ನು ಇದಿರುಗೊಂಡರೆ, ನಡುವೆ ಸಿಕ್ಕ ವಾಯುವಿಗೆ ಮೇಲಕ್ಕಲ್ಲದೆ ಬೇರೆ ದಾರಿಯಿಲ್ಲ. ಮಲೆನಾಡಿನ ಗುಡುಗುಮಳೆ ಸಾಮಾನ್ಯವಾಗಿ ಇಳಿಹೊತ್ತಿನಲ್ಲಿಯೇ ಬರುವುದಕ್ಕೆ ಇದೂ ಒಂದು ಕಾರಣ.

ಈ ಸಾಮಗ್ರಿಗಳನ್ನು ಅಳೆಯುವ ಕೆಲಸ ಬೆಳಗ್ಗೆಯೇ ಆರಂಭವಾಗುತ್ತದೆ. ಬೆಳಗಿನ ಹಾಗೂ ಸಂಜೆಯ 5.30ರ ಅವಲೋಕನಕ್ಕಾಗಿ ಜಲಜನಕ ತುಂಬಿದ ಬೆಲೂನುಗಳು ಉಪಕರಣಗಳನ್ನು ಹೊತ್ತು ಇಪ್ಪತ್ತು ಕಿಲೋಮೀಟರಿಗೂ ಎತ್ತರಕ್ಕೆ ಏರುತ್ತವೆ. ಏರುತ್ತ ಏರುತ್ತ ಒತ್ತಡ, ಉಷ್ಣತೆ, ತೇವಗಳನ್ನು ರೇಡಿಯೋ ಮೂಲಕ ಕಳುಹಿಸುತ್ತವೆ. ನಮ್ಮ ರಾಜ್ಯದಲ್ಲಿ ಬೆಂಗಳೂರು ಮಂಗಳೂರುಗಳಲ್ಲಿ ಇಂತಹ ಕೇಂದ್ರಗಳುಂಟು. 8.30ಕ್ಕೆ ಎಲ್ಲ ಮಳೆಮಾಪಕಗಳನ್ನು ಓದಿ ಹಿಂದಿನ 24 ಗಂಟೆಗಳ ಮಳೆಯನ್ನು ಗುರುತಿಸುತ್ತಾರೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಸ್ವಯಂಚಾಲಿತ ಮಾಪಕಗಳನ್ನು ನೆಟ್ಟಿರುವುದರಿಂದ, ನಿನ್ನೆಯ ಮಳೆ ಎಲ್ಲಿ ಬಿದ್ದಿತು, ಎಲ್ಲಿ ತಪ್ಪಿತು ಎಂಬುದು ಹಿಂದಿಗಿಂತ ಈಗ ಬಹು ಸ್ಪಷ್ಟವಾಗಿ ತಿಳಿಯುತ್ತದೆ.

ನಿನ್ನೆಯ ಮಳೆಯ ಲೆಕ್ಕ ನಾಳೆಯ ಮುನ್ಸೂಚನೆಗೆ ಏತಕ್ಕೆ ಬೇಕು? ಇಲ್ಲಿಯೇ ಸ್ವಾರಸ್ಯವಿರುವುದು. ನೆಲಕ್ಕೆ ಬಿದ್ದ ಮಳೆ ಅಲ್ಲಿಗೆ ಮುಗಿಯುವುದಿಲ್ಲ. ಅದು ನಾಳೆಯ ಹವೆಯ ಒಂದು ಅಂಗವಾಗುತ್ತದೆ. ಒಣನೆಲದ ಮೇಲೆ ಬಿದ್ದ ಬಿಸಿಲು ನೆಲವನ್ನೂ ಅದಕ್ಕೆ ತಗಲಿದ ಗಾಳಿಯನ್ನೂ ಕಾಯಿಸುತ್ತದೆ. ನೆನೆದ ನೆಲದ ಮೇಲೆ ಬಿದ್ದ ಬಿಸಿಲಿನ ಬಹುಭಾಗ ನೀರನ್ನು ಆವಿಯಾಗಿಸುವುದರಲ್ಲಿಯೇ ವ್ಯಯವಾಗುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಬೇಕಾಗುವ ಶಾಖದಿಂದ ಸುಮಾರು ಆರು ಲೀಟರ್ ನೀರನ್ನು ಮಂಜುಗಡ್ಡೆಯ ತಂಪಿನಿಂದ ಕುದಿಯುವ ಹಂತಕ್ಕೆ ತರಬಹುದು! ಆದಕಾರಣ ಮಳೆಯ ಮರುದಿನದ ಹಗಲು ತಂಪಾಗಿರುತ್ತದೆ, ಗಾಳಿ ತೇವವಾಗಿರುತ್ತದೆ; ರಾತ್ರಿ ಆಕಾಶ ತಿಳಿಯಾಗಿದ್ದರೆ ಕಣಿವೆಗಳಲ್ಲಿ ಮಂಜು ಕಟ್ಟುತ್ತದೆ.

ಇದರಿಂದ ಮೋಡದ ತಳವೂ ಕೆಳಗಿಳಿಯುತ್ತದೆ. ಗಾಳಿಯ ಉಷ್ಣತೆಗೂ ಅದರ ತೇವ ಇಬ್ಬನಿಯಾಗುವ ಉಷ್ಣತೆಗೂ ಇರುವ ಅಂತರವನ್ನು 125ರಿಂದ ಗುಣಿಸಿದರೆ, ಮೋಡ ಕಟ್ಟುವ ಎತ್ತರ ಸುಮಾರಾಗಿ ಮೀಟರುಗಳಲ್ಲಿ ದೊರೆಯುತ್ತದೆ. ಮಳೆಗೆ ಮುಂಚೆ ಉಷ್ಣತೆ 34 ಡಿಗ್ರಿ, ಇಬ್ಬನಿಯ ಬಿಂದು 14 ಡಿಗ್ರಿ ಇದ್ದಿತೆಂದರೆ ಮೋಡ 2500 ಮೀಟರಿನಲ್ಲಿ ಕಟ್ಟುತ್ತಿತ್ತು. ಮಳೆಯ ಮರುದಿನ ಇವು 30 ಮತ್ತು 20 ಆದರೆ 1250 ಮೀಟರಿನಲ್ಲಿಯೇ ಕಟ್ಟುತ್ತದೆ.  ವಿದ್ಯಾರ್ಥಿಗಳು ಎರಡು ಉಷ್ಣಮಾಪಕಗಳಿಂದ, ಒಂದರ ಬುರುಡೆಗೆ ಒದ್ದೆಬಟ್ಟೆ ಸುತ್ತಿ, ಪಠ್ಯಪುಸ್ತಕದ ಕೋಷ್ಟಕದ ಸಹಾಯದಿಂದ ಈ ಲೆಕ್ಕವನ್ನು ತಾವೇ ಮಾಡಿನೋಡಬಹುದು.

ಹಾಗಾದರೆ ನೆಲ ನೆನೆದಿದೆ, ತೇವವಿದೆ, ನಾಳೆಯೂ ಮಳೆ ಖಚಿತ ಎನ್ನೋಣವೆ? ಅದೂ ಸಲ್ಲದು. ತಂಪಾದ ನೆಲ ಗಾಳಿಯನ್ನು ಮೇಲಕ್ಕೆ ಕಳುಹಿಸುವ ಉತ್ಸಾಹವನ್ನು ಕಳೆದುಕೊಂಡಿರುತ್ತದೆ. ಮಳೆಯೊಡನೆ ಇಳಿದ ತಣ್ಣನೆಯ ಗಾಳಿ ಕೆಳಗೆ ಹಾಸಿಕೊಂಡಿರುತ್ತದೆ. ಮೇಲೆ ವಾಯವ್ಯದ ಒಣಗಾಳಿ ನುಗ್ಗಿದ್ದರಂತೂ ಎದ್ದ ಮೋಡದ ತಲೆ ಆ ಒಣಗಾಳಿಯಲ್ಲಿ ಕರಗಿಹೋಗುತ್ತದೆ. ಮಧ್ಯಾಹ್ನ ದಟ್ಟೈಸಿದ್ದು ಸಂಜೆಗೆ ಬಟ್ಟಬಯಲು. ಒಂದೇ ಮಳೆ ಮುಂದಿನ ಮಳೆಗೆ ಸಹಾಯವನ್ನೂ ಮಾಡುತ್ತದೆ, ಅಡ್ಡಿಯನ್ನೂ ಮಾಡುತ್ತದೆ. ಯಾವುದರ ಕೈ ಮೇಲಾದೀತೆಂಬುದನ್ನು ಬೆಲೂನು ತಂದ ಮೇಲ್ಗಾಳಿಯ ವಿವರ ಸೂಚಿಸುತ್ತದೆಯೇ ಹೊರತು, ಅಂಗಳದಲ್ಲಿ ನಿಂತು ಆಕಾಶ ನೋಡಿದರೆ ತಿಳಿಯುವುದಿಲ್ಲ.

ಉಳಿದದ್ದು ಗಣಿತದ ಕೆಲಸ. ಇಂಗ್ಲೆಂಡಿನ ರಿಚರ್ಡ್‌ಸನ್ ಎಂಬಾತನು ವಾಯುವಿನ ಚಲನೆಯ ಸಮೀಕರಣಗಳನ್ನು ಕೈಯಿಂದಲೇ ಬಿಡಿಸಿ, ಆರು ಗಂಟೆಗಳಲ್ಲಿ ವಾಯುಭಾರ 145 ಮಿಲಿಬಾರ್ ಏರುವುದೆಂದು ಲೆಕ್ಕ ಹಾಕಿದನು. ಅಂದು ನಿಜವಾಗಿ ಅದು ಹೆಚ್ಚುಕಡಿಮೆ ಕದಲಿಯೇ ಇರಲಿಲ್ಲ! ಆದರೂ ಆತನು ಅಳುಕದೆ ಆ ಲೆಕ್ಕವನ್ನು 1922ರ ತನ್ನ ಗ್ರಂಥದಲ್ಲಿ ಅಚ್ಚುಮಾಡಿಸಿದ್ದು ವಿಜ್ಞಾನದ ಭಾಗ್ಯ. ದಾರಿ ಸರಿಯಾದುದೆಂಬುದು ಮುಂದೆ ಸಿದ್ಧವಾಯಿತು. 1950ರಲ್ಲಿ ಅಮೆರಿಕದ ಎನಿಯಾಕ್ ಗಣಕಯಂತ್ರ 24 ಗಂಟೆಗಳ ಮುನ್ಸೂಚನೆಯನ್ನು ಸುಮಾರು 24 ಗಂಟೆಗಳಲ್ಲಿ ಲೆಕ್ಕ ಹಾಕಿ ಮುಗಿಸಿತು. ನಮ್ಮ ಹವಾಮಾನ ಇಲಾಖೆ 2025ರ ಮೇ ತಿಂಗಳಿನಲ್ಲಿ ಬಳಕೆಗೆ ತಂದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ ಆಕಾಶವನ್ನು 6 ಕಿಲೋಮೀಟರಿನ ಚೌಕಗಳಾಗಿ ವಿಭಾಗಿಸುತ್ತದೆ. ಅದಕ್ಕೆ ಮುಂಚೆ 12 ಕಿಲೋಮೀಟರ್ ಇತ್ತು. ಸಾಧನೆ ದೊಡ್ಡದು. ಆದರೂ 6 ಕಿಲೋಮೀಟರಿನ ಚೌಕವೆಂದರೆ ಸುಮಾರು ಒಂಬತ್ತು ಸಾವಿರ ಎಕರೆ. ಅಷ್ಟಕ್ಕೂ ಸೇರಿ ಮಳೆಗೆ ಒಂದೇ ಅಂಕಿ. ಒಂದು ಒಂಟಿ ಗುಡುಗುಮೋಡದ ಅಗಲ ಕೆಲವೇ ಕಿಲೋಮೀಟರ್, ಅದರ ಆಯುಸ್ಸು ಒಂದು ಗಂಟೆಯ ಒಳಗೆ. ಹಳ್ಳದ ಈಚೆ ಆಚೆಯ ಭೇದವನ್ನು ಆ ಚೌಕದಲ್ಲಿ ಹುಡುಕಿದರೆ ಸಿಕ್ಕೀತೆ?

ಆದುದರಿಂದಲೇ ಮುನ್ಸೂಚನೆಯ ಮಾತುಗಳನ್ನು ಅಳತೆ ಮಾಡಿ ಇಟ್ಟಿರುತ್ತಾರೆ. ‘ಒಂದೆರಡು ಕಡೆ’ ಎಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ನೂರಕ್ಕೆ 25ರವರೆಗೆ. ‘ಕೆಲವು ಕಡೆ’ ಎಂದರೆ 50ರವರೆಗೆ. ‘ಹಲವು ಕಡೆ’ ಎಂದರೆ 75ರವರೆಗೆ. ‘ಬಹುತೇಕ ಕಡೆ’ ಎಂದರೆ ಅದಕ್ಕೂ ಹೆಚ್ಚು. ಕೇಂದ್ರವೊಂದರಲ್ಲಿ 2.5 ಮಿಲಿಮೀಟರ್, ಎಂದರೆ ಹತ್ತು ಸೆಂಟು ಬಿದ್ದರೂ ಅಲ್ಲಿ ಮಳೆಯಾಯಿತೆಂದೇ ಲೆಕ್ಕ. ‘ಭಾರೀ ಮಳೆ’ ಎನ್ನಿಸಿಕೊಳ್ಳಲು 64.5 ಮಿಲಿಮೀಟರ್ ದಾಟಬೇಕು. ನಮ್ಮ ಬೆಳೆಗಾರ ಭಾರೀ ಮಳೆಯೆಂದು ಕರೆದ ಎರಡು ಇಂಚು, ಇಲಾಖೆಯ ಪಟ್ಟಿಯಲ್ಲಿ ‘ಸಾಧಾರಣ’ ಮಳೆ!

ಈಗ ಬುಲೆಟಿನ್ ಬಂದಿತೆನ್ನಿ: ದಕ್ಷಿಣ ಒಳನಾಡಿನ ಒಂದೆರಡು ಕಡೆ ಮುಂದಿನ ಎರಡು ದಿನ ಗುಡುಗು ಸಹಿತ ಮಳೆ, ಮೂರನೆಯ ದಿನ ಒಣಹವೆ. ನಮ್ಮ ಬೆಳೆಗಾರನ ತೋಟಕ್ಕೆ ಮಳೆ ಬೀಳುವ ಸಂಭವ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚಲ್ಲ. ಕಣದ ಕಾಫಿಯನ್ನು ರಾಶಿ ಮಾಡಿ ಟಾರ್ಪಾಲು ಮುಚ್ಚಲು ಸಾವಿರ ರೂಪಾಯಿ ಕೂಲಿ ಬೀಳುತ್ತದೆ, ಮುಚ್ಚದೆ ನೆನೆದರೆ ಹತ್ತು ಸಾವಿರದ ನಷ್ಟ ಎಂದಿಟ್ಟುಕೊಳ್ಳಿ. ನಾಲ್ಕು ದಿನಗಳಲ್ಲಿ ಒಂದು ದಿನ ಮಳೆ ಬಂದರೆ, ನಾಲ್ಕು ದಿನವೂ ಮುಚ್ಚಿದವನಿಗೆ ನಾಲ್ಕು ಸಾವಿರ ಖರ್ಚು. ಮುಚ್ಚದವನಿಗೆ ಹತ್ತು ಸಾವಿರ ನಷ್ಟ. ಸಂಭವ ಹತ್ತರಲ್ಲಿ ಒಂದಕ್ಕಿಂತ ಹೆಚ್ಚಾಗಿರುವವರೆಗೂ ಮುಚ್ಚುವುದೇ ಲಾಭ. ಮೂರು ದಿನ ಮುಚ್ಚಿದ್ದು ವ್ಯರ್ಥವಾಯಿತೆಂದು ಮುನ್ಸೂಚನೆಯನ್ನು ಹಳಿಯುವವನಿಗೆ ಈ ಲೆಕ್ಕ ಗೊತ್ತಿಲ್ಲವೆಂದೇ ಹೇಳಬೇಕು.

ಮೂವತ್ತು ಸೆಂಟಿನ ನೆರೆಯವನು ಅದೇ ಬುಲೆಟಿನ್ನನ್ನು ಓದಿ ಬೇರೆಯ ತೀರ್ಮಾನಕ್ಕೆ ಬರಬೇಕಾಗುತ್ತದೆ. ಅವನಿಗೆ ಇನ್ನೂ ಎಪ್ಪತ್ತು ಸೆಂಟು ಬೇಕು. ನಾಲ್ಕರಲ್ಲಿ ಒಂದು ಸಂಭವ ಇರುವುದು ಹತ್ತು ಸೆಂಟಿನ ಮಳೆಗೆ. ಎಪ್ಪತ್ತು ಸೆಂಟಿಗೆ ಅದು ಇನ್ನೂ ಕಡಿಮೆ. ಎರಡು ದಿನ ಕಾದು ಮಳೆ ಬಾರದಿದ್ದರೆ ಅರೆ ಎಚ್ಚೆತ್ತ ಮೊಗ್ಗು ಬಾಡುತ್ತದೆ, ಇಡೀ ವರ್ಷದ ಬೆಳೆ ಕುಗ್ಗುತ್ತದೆ. ಅವನು ಪಂಪು ಹಚ್ಚಲೇಬೇಕು. ಹೀಗೆ ಒಂದೇ ಮುನ್ಸೂಚನೆಯನ್ನು ಓದಿ, ಒಬ್ಬನು ಮಳೆ ಬರುವುದೆಂಬಂತೆ ಕಣ ಮುಚ್ಚುತ್ತಾನೆ, ಇನ್ನೊಬ್ಬನು ಮಳೆ ಬಾರದೆಂಬಂತೆ ನೀರೆತ್ತುತ್ತಾನೆ; ಇಬ್ಬರೂ ಸರಿ. ಸ್ಪ್ರಿಂಕ್ಲರ್ ನಿಲ್ಲಿಸಿದ ರಾತ್ರಿಯೇ ಮಳೆ ಹೊಡೆದರೂ ಅವನ ನಿರ್ಧಾರ ತಪ್ಪಾಗಿತ್ತೆಂದು ಹೇಳಲಾಗದು, ಹೊಟ್ಟೆ ಉರಿಯುವುದು ಮಾತ್ರ ಸಹಜ.

ಮೋಡ ಕಣ್ಣಿಗೆ ಬಿದ್ದ ಬಳಿಕ ಇನ್ನೊಂದು ಬಗೆಯ ಸಹಾಯ ದೊರೆಯುತ್ತದೆ. ರೇಡಾರಿನ ಮೂಲಕ ಮಳೆಮೋಡದ ಚಲನೆಯನ್ನು ಹಿಂಬಾಲಿಸಿ ಮುಂದಿನ ಮೂರು ಗಂಟೆಗಳ ಎಚ್ಚರಿಕೆ ಕೊಡುತ್ತಾರೆ. ಘಟ್ಟದ ಸಾಲುಗಳು ರೇಡಾರಿನ ಕಿರಣಕ್ಕೆ ಅಡ್ಡ ಬರುವುದು ಮಲೆನಾಡಿನ ದುರದೃಷ್ಟ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಎಂಬ ಮೊಬೈಲ್ ತಂತ್ರಾಂಶ ಸಮೀಪದ ಸಿಡಿಲಿನ ಸುಳಿವು ಕೊಡುತ್ತದೆ. ಕಣದಲ್ಲಿ ಕೆಲಸ ಮಾಡುವ ಆಳುಗಳಿಗೆ ಇದು ಕಾಫಿಗಿಂತ ಮುಖ್ಯವಾದ ಸುದ್ದಿ.

ಎಂಟನೆಯ ದಿನದ ಹೊತ್ತಿಗೆ ಮೊಗ್ಗುಗಳು ಉದ್ದವಾಗಿ ಬಿಳಿಯ ಬತ್ತಿಗಳಂತೆ ಕಾಣುತ್ತವೆ. ಆಗ ಬೆಳೆಗಾರ ಮತ್ತೊಮ್ಮೆ ಮೂರು ದಿನಗಳ ಮುನ್ಸೂಚನೆಯನ್ನು ತೆರೆಯುತ್ತಾನೆ. ಈ ಸಾರಿ ಮಳೆ ಬೇಡವೆಂಬ ಹಾರೈಕೆಯಿಂದ. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲುದು. ರೋಬಸ್ಟಾಕ್ಕೆ ಬೇರೆ ಗಿಡದ ಪರಾಗವೇ ಆಗಬೇಕು. ಅದನ್ನು ತರುವುದು ಗಾಳಿ ಮತ್ತು ಜೇನುನೊಣ. ಹೂವರಳಿದ ಬೆಳಗ್ಗೆ ಮಳೆ ಹೊಡೆದರೆ ಪರಾಗ ತೊಳೆದುಹೋಗುತ್ತದೆ, ನೊಣ ಗೂಡು ಬಿಡುವುದಿಲ್ಲ. ಅದನ್ನು ತಡೆಯುವ ಉಪಾಯ ಯಾವುದೂ ಇಲ್ಲ. ಹೂ ಉದುರಿ ಎರಡು ಮೂರು ವಾರಗಳಾದ ಮೇಲೆ ಎಳೆಗಾಯಿಗೆ ಮತ್ತೆ ಒಂದು ಮಳೆ ಬೇಕು. ತೋಟಗಾರರ ಮಾತಿನಲ್ಲಿ ಅದು ಬ್ಯಾಕಿಂಗ್ ಮಳೆ. ಆ ವೇಳೆಗೆ ಕಣ ಬರಿದಾಗಿರುತ್ತದೆ, ಟಾರ್ಪಾಲು ಮಡಿಸಿ ಅಟ್ಟಕ್ಕೆ ಸೇರಿರುತ್ತದೆ.