ಮನೆಯ ಹಿತ್ತಲಿಗೆ ನಂಬಿಗಸ್ತ ತೋಟಗಾರನನ್ನು ಆರಿಸಿಕೊಳ್ಳುವ ಕ್ರಮ

ಗದಗ-ಬೆಟಗೇರಿಯಲ್ಲಿಯೂ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಊರುಗಳಲ್ಲಿಯೂ ಹೊಸ ಮನೆ ಕಟ್ಟಿಸಿದವರು ಅಂಗಳವನ್ನೂ ಹಿತ್ತಲನ್ನೂ ತೋಟದ ಕೆಲಸದವರಿಗೆ ಗುತ್ತಿಗೆಯಾಗಿ ಒಪ್ಪಿಸುವುದುಂಟು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಮಳೆಗಾಲದಲ್ಲಿ ಹಸಿರಾಗಿ ಕಂಡ ಅಂಗಳವು ಯುಗಾದಿಯ ಹೊತ್ತಿಗೆ ಒಣಗಿ, ಕೊಟ್ಟ ಹಣವೂ ಹಾಕಿದ ನೀರೂ ವ್ಯರ್ಥವಾಗುವುದು ಅಪರೂಪವಲ್ಲ. ಆದುದರಿಂದ ಕೆಲಸ ಬಲ್ಲ ತೋಟಗಾರನನ್ನು ಗುರುತಿಸುವ ಬಗೆಯನ್ನು ಗೃಹಸ್ಥರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ಬಂದೊಡನೆ ಹೂಗಿಡಗಳ ಹೆಸರು ಹೇಳತೊಡಗುವವನ ವಿಷಯದಲ್ಲಿ ಜಾಗರೂಕರಾಗಿರತಕ್ಕದ್ದು. ಬಲ್ಲವನು ಮೊದಲು ಗುದ್ದಲಿಯನ್ನು ಕೇಳುತ್ತಾನೆ. ಈ ಪ್ರಾಂತದ ನೆಲವು ಎಲ್ಲೆಡೆ ಒಂದೇ ಅಲ್ಲ. ಗದಗ, ಲಕ್ಷ್ಮೇಶ್ವರಗಳ ಬಯಲಿನಲ್ಲಿ ಎರೆಭೂಮಿಯು ಹೆಚ್ಚು; ಕಪ್ಪತ್ತಗುಡ್ಡದ ಸೆರಗಿನಲ್ಲಿ, ಶಿರಹಟ್ಟಿ-ಮುಂಡರಗಿಗಳ ಕಡೆಗೆ, ಮಸಾರಿಯೂ ಗರಸು ನೆಲವೂ ಕಾಣುತ್ತವೆ. ಎರೆಮಣ್ಣು ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ನೀರು ನಿಂತರೆ ಬೇರು ಕೊಳೆಯುತ್ತದೆ. ಮಸಾರಿಯಲ್ಲಿ ನೀರು ಬೇಗನೆ ಇಂಗಿಹೋಗುವುದರಿಂದ ಸ್ವಲ್ಪ ಸ್ವಲ್ಪವಾಗಿ ಮೇಲಿಂದ ಮೇಲೆ ಕೊಡಬೇಕಾಗುತ್ತದೆ. ಎರಡಕ್ಕೂ ಒಂದೇ ಕ್ರಮವನ್ನು ಹೇಳುವವನಿಗೆ ಎರಡೂ ತಿಳಿಯವೆಂದೇ ಭಾವಿಸಬಹುದು.

ಹೊಸ ಮನೆಗಳಲ್ಲಿ ಇನ್ನೊಂದು ತೊಡಕುಂಟು. ಕಟ್ಟಡ ಮುಗಿದ ಮೇಲೆ ಉಳಿದ ಇಟ್ಟಂಗಿಯ ಚೂರು, ಸಿಮೆಂಟಿನ ಗಟ್ಟಿ, ಗರಸು ಇವನ್ನೆಲ್ಲ ಅಂಗಳದಲ್ಲಿಯೇ ಹರವಿ, ಮೇಲೆ ನಾಲ್ಕು ಬೆರಳು ಕೆಮ್ಮಣ್ಣು ಹಾಕಿ ಗಿಡ ನೆಟ್ಟುಬಿಡುತ್ತಾರೆ. ನೋಡುವುದಕ್ಕೆ ಅಂದವಾಗಿಯೇ ಇರುತ್ತದೆ. ಬೇರು ಕೆಳಗಿಳಿದು ಕಸವನ್ನು ಮುಟ್ಟಿದಾಗ ಗಿಡವು ಕುಗ್ಗುತ್ತದೆ. ಅಷ್ಟರಲ್ಲಿ ಗುತ್ತಿಗೆದಾರನು ಹಣ ಪಡೆದು ಹೋಗಿರುತ್ತಾನೆ. ಇದನ್ನು ತಿಳಿಯಲು ಒಂದು ಮೊಳ ಅಗಲ, ಒಂದು ಮೊಳ ಆಳದ ಕುಣಿಯನ್ನು ತೋಡಿಸಿ ನೀರು ತುಂಬಿಸಬೇಕು. ಮರುದಿನ ಬೆಳಿಗ್ಗೆಯೂ ನೀರು ನಿಂತಿದ್ದರೆ ಮಡಿಗಳನ್ನು ಎತ್ತರಿಸಿ, ನೀರು ಹರಿದುಹೋಗಲು ದಾರಿ ಮಾಡಬೇಕು. ಈ ಪರೀಕ್ಷೆಗೆ ಬೇಸರಪಡುವವನನ್ನು ಅಲ್ಲಿಯೇ ಬಿಡುವುದು ಲೇಸು.

ಇನ್ನು ನೀರಿನ ಮಾತು. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರು. ಅದರ ಬಹುಭಾಗ ಜೂನದಿಂದ ಅಕ್ಟೋಬರದೊಳಗೆ ಮುಗಿಯುತ್ತದೆ. 100 ಚದರ ಮೀಟರು ಹುಲ್ಲಿನ ಹಾಸಿಗೆ ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರಿನಷ್ಟು ನೀರೆಂದು ಹಿಡಿದರೂ 500 ಲೀಟರು, ಎಂದರೆ ಮೂವತ್ತಕ್ಕೂ ಹೆಚ್ಚು ಕೊಡ ನೀರು ಬೇಕು. ತುಂಗಭದ್ರೆಯಿಂದ ತರಿಸಿದ ಕುಡಿಯುವ ನೀರನ್ನು ಹುಲ್ಲಿಗೆ ಸುರಿಯುವುದು ನಮಗಂತೂ ಸರಿಕಾಣದು. ಕೊಳವೆ ಬಾವಿಯ ನೀರು ಸವಳಾಗಿದ್ದರೆ ನಿಂಬೆಯ ಎಲೆಯಂಚು ಸುಡುತ್ತದೆ. ಬೇವು, ಹೊಂಗೆ, ದಾಳಿಂಬೆಗಳು ಅದನ್ನು ಹೆಚ್ಚು ತಾಳುತ್ತವೆ. ನೀರಿನ ರುಚಿಯನ್ನೂ ಕೇಳದೆ ಗಿಡಗಳ ಪಟ್ಟಿ ಬರೆಯುವವನು ತನ್ನಲ್ಲಿರುವ ಸಸಿಗಳನ್ನು ಮಾರಲು ಬಂದವನಷ್ಟೆ. ಸಂಶಯವಿದ್ದರೆ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ಅವನ ಹಿಂದಿನ ಕೆಲಸವನ್ನು ಕಣ್ಣಾರೆ ನೋಡಬೇಕು. ಮೊಬೈಲಿನಲ್ಲಿ ತೋರಿಸುವ ಚಿತ್ರಗಳು ನೆಟ್ಟ ಹೊಸತರಲ್ಲಿ ತೆಗೆದವು. ಅವುಗಳಿಂದ ಏನೂ ತಿಳಿಯದು. ಎರಡು ಬೇಸಿಗೆ ಕಳೆದ ತೋಟವನ್ನು ಏಪ್ರಿಲ್ ಅಥವಾ ಮೇ ತಿಂಗಳಲ್ಲಿ ನೋಡಿ, ಎಷ್ಟು ಸಸಿಗಳು ಸತ್ತವು, ಕರೆದಾಗ ಅವನು ಬಂದನೋ ಇಲ್ಲವೋ ಎಂದು ಮನೆಯೊಡತಿಯನ್ನು ಕೇಳಬೇಕು. ಸಾಮಾನ್ಯವಾಗಿ ನೀರು ಹಾಕುವವರು ಅವರೇ ಆದುದರಿಂದ ಯಜಮಾನರಿಗಿಂತ ಅವರಿಗೇ ಹೆಚ್ಚು ಗೊತ್ತಿರುತ್ತದೆ. ಗೋಡೆಗೆ ಒತ್ತಿ ಅತ್ತಿ, ಅರಳಿಗಳ ಜಾತಿಯ ಮರಗಳನ್ನು ನೆಟ್ಟಿದ್ದರೆ ಅಂಥವನಿಗೆ ಕೆಲಸ ಕೊಡಬಾರದು. ಎರೆಭೂಮಿಯಲ್ಲಿ ಇವು ತಳಹದಿಗೇ ಅಪಾಯ.

ಕರಾರನ್ನು ಬರೆದಿಡತಕ್ಕದ್ದು. ಮಣ್ಣು ಎಷ್ಟು ಟ್ರ್ಯಾಕ್ಟರು, ಗೊಬ್ಬರ ಎಷ್ಟು, ಕುಣಿಗಳು ಎಷ್ಟು ಆಳ, ಸತ್ತ ಸಸಿಗೆ ಬದಲು ಕೊಡುವವರಾರು ಎಂಬುದು ಅದರಲ್ಲಿರಬೇಕು. ಹಣವನ್ನು ಮೂರು ಕಂತಾಗಿ ಕೊಡುವುದು ಮೇಲು: ಆರಂಭದಲ್ಲಿ ಒಂದು, ಮೃಗಶಿರಾ-ಆರಿದ್ರಾ ಮಳೆಗಳಲ್ಲಿ ನೆಟ್ಟು ಮುಗಿಸಿದಾಗ ಒಂದು, ಉಳಿದುದು ಮುಂದಿನ ಮೃಗಶಿರಾದಲ್ಲಿ ಗಿಡಗಳನ್ನು ಎಣಿಸಿದ ಮೇಲೆ. ಆದರೆ ನೀರು ಹಾಕುವ ಹೊಣೆ ಮನೆಯವರದೆಂದು ಬರೆದಿದ್ದು, ಅವರು ಬೇಸಿಗೆಗೆ ಪರಊರಿಗೆ ಹೋಗಿ ಗಿಡ ಒಣಗಿಸಿದ್ದರೆ, ತೋಟಗಾರನ ಕೊನೆಯ ಕಂತನ್ನು ಹಿಡಿಯುವುದು ನ್ಯಾಯವಲ್ಲ.