ವಸಡಿನ ರೋಗಕ್ಕೆ ಕಿರು ಪ್ರಮಾಣದ ಮಾತ್ರೆ

ಹಲ್ಲುಜ್ಜುವಾಗ ಬ್ರಷ್‌ನಲ್ಲಿ ರಕ್ತ ಕಂಡರೆ ನೀವೇನು ಮಾಡುತ್ತೀರಿ? ಉಪ್ಪು ನೀರಿನಿಂದ ಬಾಯಿ ಮುಕ್ಕಳಿಸಿ ಸುಮ್ಮನಾಗುವ ಗೃಹಿಣಿಯರೇ ಹೆಚ್ಚು. ಮಗುವಿನ ಹಲ್ಲು ನೋವಿಗೆ ಅಂದೇ ವೈದ್ಯರ ಬಳಿಗೆ ಓಡುವ ತಾಯಿ ತನ್ನ ವಸಡನ್ನು ವರ್ಷಗಟ್ಟಲೆ ಮರೆಯುತ್ತಾಳೆ. ನೋವಿಲ್ಲವಲ್ಲ ಎಂಬ ಸಮಾಧಾನ! ಆದರೆ ಈ ರೋಗ ನೋವಿಲ್ಲದೆಯೇ ಹಲ್ಲಿನ ಬುಡದ ಮೂಳೆಯನ್ನು ಕರಗಿಸುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲಂತೂ ಇದು ಬೇಗ ಉಲ್ಬಣಿಸುತ್ತದೆ.

ಹಲ್ಲಿನ ಸಂದಿಯಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳನ್ನು ಎದುರಿಸುವಾಗ ನಮ್ಮ ದೇಹವೇ ಕೊಲಾಜಿನೇಸ್ ಎಂಬ ಕಿಣ್ವವನ್ನು ಅತಿಯಾಗಿ ಸುರಿಸುತ್ತದೆ. ಅದು ಹಲ್ಲನ್ನು ಹಿಡಿದಿರುವ ನಾರುಗಳನ್ನೇ ಕಡಿದು ಹಾಕುತ್ತದೆ. ಟೆಟ್ರಾಸೈಕ್ಲಿನ್ ಗುಂಪಿನ ಔಷಧಗಳು ಈ ಕಿಣ್ವವನ್ನು ತಡೆಯುತ್ತವೆ ಎಂಬುದನ್ನು 1980ರ ದಶಕದಲ್ಲಿ ಅಮೆರಿಕದ ಲಾರ್ನ್ ಗೋಲಬ್ ಮತ್ತು ಸಂಗಡಿಗರು ತೋರಿಸಿದರು. 1998ರಲ್ಲಿ 20 ಮಿಲಿಗ್ರಾಂ ಡಾಕ್ಸಿಸೈಕ್ಲಿನ್‌ಗೆ ಅಲ್ಲಿ ಅನುಮತಿ ದೊರೆಯಿತು. ದಿನಕ್ಕೆ ಎರಡು ಬಾರಿ, ಸಾಮಾನ್ಯವಾಗಿ 3ರಿಂದ 9 ತಿಂಗಳು. ಈ ಕಿರು ಪ್ರಮಾಣ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ, ನಾರುಗಳನ್ನು ಕಾಯುತ್ತದೆ ಅಷ್ಟೆ.

ಹಾಗಾದರೆ ಬ್ಯಾಕ್ಟೀರಿಯಾವನ್ನು ತೆಗೆಯುವವರು ಯಾರು? ಅದು ದಂತ ವೈದ್ಯರ ಕೈಕೆಲಸ. ಮಿಸ್ವಾಕ್ ಅಥವಾ ಬ್ರಷ್ ಮೆದುವಾದ ಪಾಚಿಯನ್ನು ತೆಗೆಯಬಲ್ಲದು. ವಸಡಿನ ಒಳಗೆ ಕಲ್ಲಾಗಿರುವ ಗಾರೆಯನ್ನಲ್ಲ. ಮೊದಲು ಬೇರಿನವರೆಗೆ ಶುಚಿ ಮಾಡಿಸಬೇಕು, ಮಾತ್ರೆ ಅದರ ಜೊತೆಗೆ ಮಾತ್ರ. ಆಗಲೂ ಸಿಗುವುದು ಒಂದಿಷ್ಟು ಹೆಚ್ಚಿನ ನೆರವು, ಪವಾಡವಲ್ಲ.

ಆದ್ದರಿಂದ ಸಹೋದರಿಯರೇ, ಮನೆಯಲ್ಲಿ ಉಳಿದಿರುವ 100 ಮಿಲಿಗ್ರಾಂ ಮಾತ್ರೆಯನ್ನು ತುಂಡು ಮಾಡಿ ನುಂಗಬೇಡಿ. ಇದು ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದ ಔಷಧ. ಗರ್ಭಿಣಿಯರು, ಹಾಲುಣಿಸುವವರು ಮೊದಲೇ ತಿಳಿಸಬೇಕು. ಚಿಕ್ಕ ಮಕ್ಕಳಿಗೆ ಇದನ್ನು ಕೊಡುವುದಿಲ್ಲ. ಹಾಲು, ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆಗಳ ಜೊತೆಗೆ ತೆಗೆದುಕೊಂಡರೆ ಇದರ ಗುಣ ಕುಗ್ಗುತ್ತದೆ. ಲೋಟ ತುಂಬ ನೀರಿನೊಂದಿಗೆ ನುಂಗಿ. ರಮಝಾನ್‌ನಲ್ಲಿ ಸಹ್ರಿಗೆ ಮಾತ್ರೆ ನುಂಗಿ ಕೂಡಲೇ ಮಲಗಿದರೆ ಅದು ಅನ್ನನಾಳದಲ್ಲಿ ಅಂಟಿ ಹುಣ್ಣಾಗಬಹುದು. ಉಪವಾಸದ ದಿನಗಳ ವೇಳೆಯನ್ನು ವೈದ್ಯರಲ್ಲಿ ಕೇಳಿಯೇ ಗೊತ್ತುಮಾಡಿಕೊಳ್ಳಿ.

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದವರಿಗೆ ಕೋಟೆ ಬಳಿಯ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ದೂರವೇನಲ್ಲ. ಕೆಂಗೇರಿಯವರಿಗೆ ಮೈಸೂರು ರಸ್ತೆಯ ಕುಂಬಳಗೋಡಿನಲ್ಲಿ ರಾಜರಾಜೇಶ್ವರಿ ದಂತ ಕಾಲೇಜು ಇದೆ. ಮುಂದಿನ ಬಾರಿ ಮಗುವಿನ ಹಲ್ಲು ತೋರಿಸಲು ಹೋದಾಗ, ನೀವೂ ಬಾಯಿ ತೆರೆದು ನಿಮ್ಮ ವಸಡನ್ನು ತೋರಿಸಿ ಬನ್ನಿ.