ಟ್ರಾಕ್ಟರಿನ ಚಾಲಕದಂಡವು ತಿರುಚಿಕೊಂಡಾಗ ಮಾಡತಕ್ಕ ದುರಸ್ತಿ

ಟ್ರಾಕ್ಟರಿನಿಂದ ರೋಟವೇಟರಿಗೆ ಶಕ್ತಿಯನ್ನು ಒಯ್ಯುವ ಚಾಲಕದಂಡವು ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು ತಿರುಗುವುದು. ಒಂದರೊಳಗೊಂದು ಜಾರುವ ಎರಡು ಕೊಳವೆ, ತುದಿಗಳಲ್ಲಿ ಶಿಲುಬೆಯಾಕಾರದ ಕೀಲು, ಇಷ್ಟೇ ಅದರ ರಚನೆ. ಹಸಿ ಎರೆಭೂಮಿಯಲ್ಲಿ ಯಂತ್ರವನ್ನು ಮಿತಿಮೀರಿ ಆಳಕ್ಕಿಳಿಸಿದಾಗ, ಅಥವಾ ಅಲಗುಗಳು ಮರದ ಬೇರಿಗೆ ಸಿಕ್ಕಿದಾಗ, ಭಾರವೆಲ್ಲವೂ ಈ ದಂಡದ ಮೇಲೆ ಬೀಳುವುದು. ಆಗ ತಾನು ಮುರಿದು ದಂಡವನ್ನುಳಿಸಲೆಂದೇ ಅನೇಕ ದಂಡಗಳಲ್ಲಿ ಮಿತಬಲದ ಬೋಲ್ಟೊಂದನ್ನು ಇಟ್ಟಿರುವರು. ಅದು ಪದೇ ಪದೇ ಮುರಿಯುವುದೆಂದು ಬೇಸತ್ತು ಗಟ್ಟಿ ಬೋಲ್ಟನ್ನು ಹಾಕಿದಲ್ಲಿ ದಂಡವೇ ತಿರುಚಿಕೊಳ್ಳುವುದು.

ದುರಸ್ತಿಗೆ ಮೊದಲು ಇಂಜಿನನ್ನು ನಿಲ್ಲಿಸಿ ಬೀಗದಕೈಯನ್ನು ತೆಗೆದಿಟ್ಟುಕೊಳ್ಳತಕ್ಕದ್ದು. ತಿರುಚಿದ ಕೊಳವೆಯನ್ನು ಕುಲುಮೆಯಲ್ಲಿ ಕಾಯಿಸಿ ನೆಟ್ಟಗೆ ಮಾಡಿಸುವುದುಂಟು. ಹಾಗೆ ಮಾಡಕೂಡದು, ಉಕ್ಕು ಬಲಗುಂದುವುದು. ಹೊಸ ಕೊಳವೆಯನ್ನೇ ಹಾಕಿಸಬೇಕು. ಕೀಲಿನ ನಾಲ್ಕು ಬಟ್ಟಲುಗಳಲ್ಲಿ ಒಂದು ಸವೆದಿದ್ದರೂ ಕೀಲನ್ನು ಪೂರ್ತಿಯಾಗಿ ಬದಲಿಸುವುದು ಲೇಸು. ಮರಳಿ ಜೋಡಿಸುವಾಗ ಕೊಳವೆಗಳೆರಡರ ಹೊರತುದಿಯ ಕವಲುಗಳು ಒಂದೇ ಸಮತಲದಲ್ಲಿರಬೇಕು. ತಪ್ಪಿದರೆ ದಂಡವು ನಡುಗಿ ಹೊಸ ಕೀಲೂ ಬೇಗನೆ ಕೆಡುವುದು. ಇದನ್ನು ಅನುಭವಿಗಳೂ ಮರೆಯುವುದುಂಟು.

ಬೋಲ್ಟು ತಯಾರಕರು ಹೇಳಿದ ಅಳತೆ, ದರ್ಜೆಯದೇ ಆಗಿರತಕ್ಕದ್ದು. ದಂಡದ ಹೊದಿಕೆಯನ್ನು ಮತ್ತೆ ತೊಡಿಸದೆ ಯಂತ್ರವನ್ನು ನಡೆಸಲೇಕೂಡದು. ಸೆಕೆಂಡಿಗೆ 9 ಸುತ್ತು ತಿರುಗುವ ದಂಡಕ್ಕೆ ಪಂಚೆಯ ಅಂಚಾಗಲಿ ಸೀರೆಯ ಸೆರಗಾಗಲಿ ಸಿಕ್ಕಿದರೆ ಬಿಡಿಸಿಕೊಳ್ಳಲು ವೇಳೆಯಿರುವುದಿಲ್ಲ.